ಎರೆ ನೆಲದ ಮೇಲಿನ ಮನೆ ಬಿರುಕು ಬಿಟ್ಟಾಗ

ಗದಗಿನಲ್ಲಿರುವ ನಮ್ಮ ಮನೆಯ ಬಿರುಕಿನ ರಿಪೇರಿ ಈ ಚಳಿಗಾಲದಲ್ಲಿ ಮುಗಿಯಿತು. ಶುರುವಾಗಿದ್ದು ಎರಡು ಬೇಸಿಗೆಗಳ ಹಿಂದೆ. ನಡುವಿನ ಕಾಲದಲ್ಲಿ ಹೆಚ್ಚಿನದು ಗೋಡೆ ನೋಡುತ್ತಾ ಕಾದದ್ದೇ ಆಯಿತು. ನೋಡಿದವರಿಗೆ ಸುಮ್ನೆ ಕೂತ ಹಾಗೆ ಕಾಣುತ್ತಿತ್ತು, ನೆಂಟರು ಬೈದರು ಕೂಡ. ಆದರೆ ಇಡೀ ವ್ಯವಹಾರದಲ್ಲಿ ನಮಗೆ ದುಡ್ಡು ಉಳಿಸಿದ್ದು ಆ ಕಾಯುವ ಕೆಲಸವೇ. ನಮ್ಮ ಹಾಗೆ ಎರೆ ಮಣ್ಣಿನಲ್ಲಿ, ಅಂದರೆ ನೆನೆದರೆ ಉಬ್ಬಿ ಒಣಗಿದರೆ ಕುಗ್ಗುವ ಕಪ್ಪು ಮಣ್ಣಿನಲ್ಲಿ, ಮನೆ ಕಟ್ಟಿಕೊಂಡವರು ಹುಬ್ಬಳ್ಳಿ, ನವಲಗುಂದ, ನರಗುಂದ, ವಿಜಯಪುರ, ರಾಯಚೂರು ಕಡೆ ಬೇಕಾದಷ್ಟು ಜನ ಇದ್ದಾರೆ. ಅವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

ಮೊದಲು ಮನೆಯ ಬಗ್ಗೆ. ಬಿರುಕು ಕಂಡಾಗ ಮನೆಗೆ 8 ವರ್ಷ. ಕೆಳಗೆ ಎರಡು ಬೆಡ್‌ರೂಮು, ಹಾಲು, ಅಡುಗೆಮನೆ. ಮೇಲೆ ಒಂದೇ ಕೋಣೆ. ಕಾಲಮ್ಮುಗಳಿಲ್ಲ. ಕಲ್ಲಿನ ಬುನಾದಿ, ಅದರ ಮೇಲೆ ಇಟ್ಟಿಗೆ ಗೋಡೆ, ಗೋಡೆಯ ಮೇಲೇ ಸ್ಲ್ಯಾಬು. ಲೇಔಟ್ ಆಗುವ ಮುಂಚೆ ಇಲ್ಲಿ ಬಿಳಿಜೋಳ, ಕಡಲೆ ಬೆಳೆಯುತ್ತಿದ್ದರು. ಬೇಸಿಗೆಯಲ್ಲಿ ಎರೆ ಹೊಲ ಬಾಯಿಬಿಡುವುದನ್ನು ನೋಡಿದವರಿಗೆ ಹೇಳಬೇಕಾಗಿಲ್ಲ, ಹಸುವಿನ ಕಾಲು ಸಿಕ್ಕಿಕೊಳ್ಳುವಷ್ಟು ದೊಡ್ಡ ಬಿರುಕುಗಳು. ಎರೆ ತನ್ನನ್ನು ತಾನೇ ಉತ್ತುಕೊಳ್ಳುತ್ತದೆ ಅನ್ನುವುದು ಅದಕ್ಕೇ. ಅದೇ ನೆಲದ ಮೇಲೆ ಮನೆ ನಿಂತಿದೆ, ಅಲ್ವಾ?

ನೈಋತ್ಯದ ಬೆಡ್‌ರೂಮಿನ ಕಿಟಕಿಯ ಮೇಲಿನ ಮೂಲೆಯಿಂದ ಸೂರಿನ ಕಡೆಗೆ ಓರೆಯಾಗಿ ಒಂದು ಗೆರೆ ಹೋಗಿತ್ತು. ಹಿಂದಿನ ದಸರಾಕ್ಕೆ ಬಣ್ಣ ಹೊಡೆದವನು ಅಲ್ಲಿ ಪುಟ್ಟಿ ತುಂಬಿದ್ದ. ಏಪ್ರಿಲ್‌ನಲ್ಲಿ ಪುಟ್ಟಿಯನ್ನೂ ಸೀಳಿಕೊಂಡು ಗೆರೆ ಮತ್ತೆ ಬಂತು, ಈ ಸಲ ಅಗಲವಾಗಿ. ಹೊರಗಡೆ ಹೋಗಿ ನೋಡಿದರೆ ಅದೇ ಜಾಗದಲ್ಲಿ ಅದೇ ಗೆರೆ, ಮೆಟ್ಟಿಲು ಮೆಟ್ಟಿಲಾಗಿ ಇಟ್ಟಿಗೆಯ ಸಂದಿನಲ್ಲೇ ಹತ್ತಿತ್ತು. ಎದೆ ಧಸಕ್ಕೆಂದಿತು. ನಮ್ಮ ಭಾಗದವರಿಗೆ 2019ರ ಮಾರ್ಚ್ ಇನ್ನೂ ಮರೆತಿಲ್ಲ. ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿದು 19 ಜನ ಸತ್ತಿದ್ದರು. ಆ ಕಟ್ಟಡದ ಕಥೆ ಬೇರೆ, ನಮ್ಮ ಮನೆಯ ಕಥೆ ಬೇರೆ. ಆದರೆ ರಾತ್ರಿ ಎಚ್ಚರವಾದಾಗ ತಲೆಗೆ ಬರುವುದು ಅದೇ. ಮಕ್ಕಳನ್ನು ಆ ಕೋಣೆಯಿಂದ ಹಾಲಿಗೆ ಮಲಗಿಸಲು ಶುರುಮಾಡಿದೆವು.

ಆಮೇಲೆ ಸಲಹೆಗಳ ಸಂತೆ. ಪರಿಚಯದ ಗೌಂಡಿ (ಗಾರೆ ಕೆಲಸದವ) ಬಂದು ಬೆರಳಾಡಿಸಿ ನೋಡಿ, "ಇದೇನ್ ದೊಡ್ಡದಲ್ಲ ಬಿಡ್ರಿ ಅಕ್ಕಾರ. ಕಡದು ಸಿಮೆಂಟ್ ತುಂಬಿದ್ರ ಆತು" ಅಂದ. ಇನ್ನೊಬ್ಬ ಕಂಟ್ರಾಕ್ಟರ್ ಬುನಾದಿ ಕೆಳಗೆ ಪೈಲ್ (ನೆಲದಾಳಕ್ಕೆ ಇಳಿಸುವ ಕಾಂಕ್ರೀಟ್ ಕಂಬ) ಹಾಕಬೇಕು, 9 ಲಕ್ಷ ಆಗುತ್ತದೆ ಅಂದರು. ಅವರು ಮನೆಯೊಳಗೆ ಇದ್ದದ್ದು ಒಂದು ಚಹಾ ಕುಡಿಯುವಷ್ಟು ಹೊತ್ತು. ನಮ್ಮ ಅತ್ತೆಗೆ ಯಾರೋ, ನೈಋತ್ಯ ಮೂಲೆ ಕುಸಿದರೆ ಮನೆ ಯಜಮಾನನಿಗೆ ಒಳ್ಳೆಯದಲ್ಲ ಅಂತ ಹೇಳಿಬಿಟ್ಟರು. ಅತ್ತೆ ಊಟ ಬಿಟ್ಟು ಕೂತರು. ಮನೆ ಕಟ್ಟಿಕೊಟ್ಟವರು ಫೋನಿನಲ್ಲಿ, "ಎರೆ ಮಣ್ಣಾಗ ಇದೆಲ್ಲಾ ಇದ್ದದ್ದಽ" ಅಂತ ಹೇಳಿ ಕೈತೊಳೆದುಕೊಂಡರು.

ಕೊನೆಗೆ ನಮ್ಮವರ ಆಫೀಸಿನವರೊಬ್ಬರ ಮೂಲಕ ಹುಬ್ಬಳ್ಳಿಯ ಒಬ್ಬ ಸ್ಟ್ರಕ್ಚರಲ್ ಇಂಜಿನಿಯರ್ ಸಿಕ್ಕರು. ಇಲ್ಲಿ ಒಂದು ಮಾತು. ಪ್ಲ್ಯಾನ್ ಬರೆದುಕೊಡುವ ಇಂಜಿನಿಯರ್ ಬೇರೆ, ಸ್ಟ್ರಕ್ಚರಲ್ ಇಂಜಿನಿಯರ್ ಬೇರೆ. ಇನ್ನೂ ಮುಖ್ಯ, ರಿಪೇರಿ ಗುತ್ತಿಗೆಯನ್ನೂ ತಾವೇ ಹಿಡಿಯುವವರನ್ನು ಪರೀಕ್ಷೆಗೆ ಕರೆಯಬೇಡಿ. ನೋಡುವವರಿಗೆ ನೋಡಿದ್ದಕ್ಕಷ್ಟೇ ದುಡ್ಡು ಕೊಡಿ. ನಮಗೆ ಸಿಕ್ಕ ಇಂಜಿನಿಯರ್ ಮೊದಲ ಭೇಟಿಗೆ 4,000 ತೆಗೆದುಕೊಂಡರು, ಕೊನೆಯ ವರದಿಗೆ 15,000. 9 ಲಕ್ಷದ ಮಾತು ಕೇಳಿದ ಮೇಲೆ ಅದು ಜಾಸ್ತಿ ಅನ್ನಿಸಲಿಲ್ಲ.

ಬರುವ ಮುಂಚೆ ಅವರು ಕೇಳಿದ್ದು: ಮಂಜೂರಾದ ಪ್ಲ್ಯಾನು, ಬುನಾದಿಯ ಡ್ರಾಯಿಂಗ್ ಇದ್ದರೆ ಅದು, ಕಟ್ಟುವಾಗಿನ ಫೋಟೋಗಳು. ಡ್ರಾಯಿಂಗ್ ನಮ್ಮ ಹತ್ತಿರ ಇರಲಿಲ್ಲ. ಫೋಟೋ ಮಾತ್ರ ಮೈದುನನ ಫೋನಿನಲ್ಲಿ ಸಿಕ್ಕಿತು, ಪಾಯಾ ಪೂಜೆಯದು. ನಾವೆಲ್ಲ ಅರಿಶಿನ ಕುಂಕುಮ ಹಿಡಿದು ನಿಂತಿದ್ದೇವೆ, ಹಿಂದುಗಡೆ ಬುನಾದಿಗೆ ತೋಡಿದ ಕಾಲುವೆಯಲ್ಲಿ ಒಬ್ಬ ಕೆಲಸಗಾರ ನಿಂತಿದ್ದಾನೆ, ಅವನ ಎದೆಯ ಕೆಳಗಿನದು ಮಾತ್ರ ಮಣ್ಣಿನ ಮರೆಯಲ್ಲಿದೆ. ಇಂಜಿನಿಯರ್ ಆ ಫೋಟೋ ದೊಡ್ಡದು ಮಾಡಿ ನೋಡಿದರು. "ನಾಲ್ಕ್ ಫೂಟ್ ಮ್ಯಾಲ ಹೋಗಿಲ್ಲ ಇದು. ತಳಕ್ಕೂ ಕರೀ ಮಣ್ಣಽ ಕಾಣಸ್ತದ" ಅಂದರು. ಮನೆ ಕಟ್ಟುತ್ತಿರುವವರು ಇದ್ದರೆ ದಯವಿಟ್ಟು ಕಾಲುವೆ ತೋಡಿದಾಗ ಟೇಪು ಹಿಡಿದು ಫೋಟೋ ತೆಗೆದಿಡಿ.

ಅವರು ನೈಋತ್ಯದ ಕೋಣೆಗೆ ನೇರ ಹೋಗಲಿಲ್ಲ. ಇಡೀ ಮನೆ ಸುತ್ತಿದರು. ಟಾರ್ಚನ್ನು ಗೋಡೆಗೆ ಒರಗಿಸಿ ಬೆಳಕು ಹಾಯಿಸಿದರೆ ನಾವು ಯಾವತ್ತೂ ನೋಡದ ಗೆರೆಗಳೆಲ್ಲ ಕಂಡವು. ಹಾಲಿನ ಗೋಡೆಯಲ್ಲಿ ಕೂದಲೆಳೆಯಂಥ ಬಲೆ ಬಲೆ ಗೆರೆ: ಅದು ಪ್ಲಾಸ್ಟರ್ ಒಣಗಿದಾಗ ಆದದ್ದು, ಕ್ಯೂರಿಂಗ್ (ನೀರುಣಿಸುವುದು) ಸರಿಯಾಗದಿದ್ದರೆ ಬರುತ್ತದೆ, ಬಿಡಿ ಅಂದರು. ಮೇಲಿನ ಕೋಣೆಯಲ್ಲಿ ಸ್ಲ್ಯಾಬಿನ ಕೆಳಗೆ ಸುತ್ತಲೂ ಅಡ್ಡ ಗೆರೆ: ಬಿಸಿಲಿಗೆ ಸ್ಲ್ಯಾಬು ಹಿಗ್ಗಿ ಗೋಡೆಯನ್ನು ತಳ್ಳಿದ್ದು. ಅದಕ್ಕೆ ತಾರಸಿಯ ಮೇಲೆ ಬಿಸಿಲು ತಡೆಯುವ ಬಿಳಿ ಬಣ್ಣ ಹೊಡೆಸಿ, ಬುನಾದಿಗೂ ಅದಕ್ಕೂ ಸಂಬಂಧ ಇಲ್ಲ. ನಾನು ಹೆಚ್ಚು ಹೆದರಿದ್ದು ಈ ಗೆರೆಗೇ, ಯಾಕೆಂದರೆ ಅದು ಕೋಣೆಯ ಸುತ್ತಲೂ ಇತ್ತು.

ನೈಋತ್ಯದ ಓರೆ ಬಿರುಕಿನ ಮುಂದೆ ಮಾತ್ರ ಸ್ಟೂಲು ಹಾಕಿಸಿಕೊಂಡು ತುಂಬಾ ಹೊತ್ತು ನಿಂತರು. ಅವರ ಹತ್ತಿರ ಗೆರೆಗಳ ದಪ್ಪ ಮುದ್ರಿಸಿದ ಒಂದು ಪ್ಲಾಸ್ಟಿಕ್ ಕಾರ್ಡ್ ಇತ್ತು. ಅದನ್ನು ಬಿರುಕಿನ ಪಕ್ಕ ಹಿಡಿದು ಹೋಲಿಸಿದರೆ ಅಳತೆ ಸಿಗುತ್ತದೆ. ಮೇಲ್ಗಡೆ 4 ಮಿ.ಮೀ., ಕೆಳಗೆ ಬರುತ್ತಾ 1ಕ್ಕಿಂತ ಕಡಿಮೆ. ಮೇಲೆ ಅಗಲ, ಕೆಳಗೆ ಸಣ್ಣ ಅಂದರೆ ಗೋಡೆಯ ತುದಿ ಕೆಳಗಿಳಿಯುತ್ತಿದೆ ಅಥವಾ ನಡುಭಾಗ ಮೇಲೇಳುತ್ತಿದೆ. ಕೆಳಗೆ ಅಗಲವಾಗಿದ್ದರೆ ನಡುವೆ ಇಳಿಯುತ್ತಿದೆ ಅಂತ. ನಮ್ಮ ದೇಶದ ಮಾನಕ ಸಂಸ್ಥೆ ಬಿಐಎಸ್ 1984ರಲ್ಲಿ ತಂದ ಬಿರುಕುಗಳ ಕೈಪಿಡಿಯ ಲೆಕ್ಕದಲ್ಲಿ 1 ಮಿ.ಮೀ. ಒಳಗಿನದು ಸಣ್ಣ ಬಿರುಕು, 1ರಿಂದ 2 ಮಧ್ಯಮ, 2 ದಾಟಿದರೆ ಅಗಲ. ಬ್ರಿಟನ್ನಿನ ಕಟ್ಟಡ ಸಂಶೋಧನಾ ಸಂಸ್ಥೆಯ ಪಟ್ಟಿ ಸ್ವಲ್ಪ ಧೈರ್ಯ ಕೊಡುತ್ತದೆ: 5 ಮಿ.ಮೀ.ವರೆಗೆ ಅಲ್ಪ ಹಾನಿ, 5ರಿಂದ 15 ಮಧ್ಯಮ, 15ರಿಂದ 25 ಗಂಭೀರ, ಅದಕ್ಕೂ ಮೇಲೆ ಹೋದರೆ ಒಂದಷ್ಟು ಭಾಗ ಕೆಡವಿ ಕಟ್ಟಬೇಕಾಗಬಹುದು. 4 ಅಂದಾಗ ಜೀವ ಬಂದ ಹಾಗಾಯಿತು. ಆದರೆ ಅವರು ತಕ್ಷಣ ಹೇಳಿದ್ದು, "ಅಳತೀಕಿಂತ ಅದು ಓಡ್ಯಾಡತದೋ ಇಲ್ಲೋ ಅನ್ನೋದು ಮುಖ್ಯ ರೀ ಮೇಡಮ್." 4 ಮಿ.ಮೀ.ಗೆ ನಿಂತುಹೋದ ಬಿರುಕಿಗಿಂತ ಪ್ರತಿ ವರ್ಷ ಸ್ವಲ್ಪ ಸ್ವಲ್ಪ ಬೆಳೆಯುವ 2 ಮಿ.ಮೀ. ಬಿರುಕಿಗೆ ಜಾಸ್ತಿ ಹೆದರಬೇಕು.

ಓಡಾಟ ನೋಡುವ ಉಪಾಯ ಬಹಳ ಅಗ್ಗದ್ದು. ಬೆರಳಗಲದ ತೆಳು ಗಾಜಿನ ಪಟ್ಟಿಯನ್ನು ಬಿರುಕಿಗೆ ಅಡ್ಡವಾಗಿ, ಎರಡೂ ತುದಿಗೆ ಅರಾಲ್ಡೈಟ್ ಹಾಕಿ ಅಂಟಿಸುವುದು. ಕೆಳಗೆ ಬಣ್ಣ ಇರಬಾರದು, ಕೆರೆದು ಗಟ್ಟಿ ಪ್ಲಾಸ್ಟರಿಗೇ ಅಂಟಿಸಬೇಕು. ಗೋಡೆ ಒಂದಿಷ್ಟು ಅಲುಗಿದರೂ ಗಾಜು ಒಡೆಯುತ್ತದೆ. ಜೊತೆಗೆ ಬಿರುಕಿನ ಎರಡೂ ತುದಿಯಲ್ಲಿ ಪೆನ್ಸಿಲ್ ಗೀಟು ಎಳೆದು ತಾರೀಕು ಬರೆಯಬೇಕು. (ದೀಪಾವಳಿ ಸ್ವಚ್ಛತೆಯಲ್ಲಿ ಅತ್ತೆ ಒದ್ದೆ ಬಟ್ಟೆಯಿಂದ ಒಂದು ಗೀಟನ್ನು ಚೊಕ್ಕ ಒರೆಸಿಬಿಟ್ಟರು. ಪುಣ್ಯಕ್ಕೆ ಫೋಟೋ ಇತ್ತು.)

ಅವತ್ತೇ ಗೌಂಡಿಗಳು ಉಪಯೋಗಿಸುವ ಲೆವೆಲ್ ಟ್ಯೂಬು ಹಿಡಿದು ಮನೆಯ ನಾಲ್ಕೂ ಮೂಲೆಯ ಪ್ಲಿಂತ್ (ಗೋಡೆ ಕೂರುವ ಬುನಾದಿಯ ಮೇಲಿನ ಕಟ್ಟೆ) ಮಟ್ಟ ನೋಡಿದರು. ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ ಒಂದು ತುದಿ ನಾನು ಹಿಡಿದೆ, ಇನ್ನೊಂದು ಅವರು. ಗುಳ್ಳೆ ಉಳಿಯಬಾರದು ಅಂತ ಪೈಪನ್ನು ತಟ್ಟಿ ತಟ್ಟಿ ಬಿಡಿಸಿದರು. ನೀರು ಕುಣಿದು ನಿಂತ ಮೇಲೆ ನೋಡಿದರೆ ನೈಋತ್ಯ ಮೂಲೆ ಈಶಾನ್ಯಕ್ಕಿಂತ ಒಂದು ಬೆರಳಿನಷ್ಟು ಕೆಳಗಿತ್ತು. ಮುಗೀತು ಅಂದುಕೊಂಡೆ. ಅವರು ಮಾತ್ರ ತಣ್ಣಗೆ, ಇಷ್ಟು ವ್ಯತ್ಯಾಸ ಕಟ್ಟುವಾಗಲೇ ಇದ್ದಿರಬಹುದು, ಇದನ್ನು ಮೊದಲ ರೀಡಿಂಗ್ ಅಂತ ಬರೆದಿಡೋಣ, ಮಳೆ ಮುಗಿದ ಮೇಲೆ ಮತ್ತೆ ನೋಡೋಣ ಅಂದರು. ಬಿರುಕನ್ನು ಯಾರೂ ಮುಟ್ಟಬಾರದು, ತುಂಬಬಾರದು ಅಂತ ಕಟ್ಟಪ್ಪಣೆ. ಮಕ್ಕಳು ಕೋಣೆಯಲ್ಲಿ ಮಲಗಬಹುದಾ ಅಂತ ಕೇಳಿದೆ. ಮಲಗಬಹುದು, ಆದರೆ ಬಿರುಕು ದಿಢೀರ್ ಅಗಲವಾದರೆ, ಸದ್ದು ಬಂದರೆ, ಸ್ಲ್ಯಾಬಿನಲ್ಲಿ ಅಥವಾ ಬೀಮಿನಲ್ಲಿ ಗೆರೆ ಕಂಡರೆ, ಗೋಡೆ ಹೊರಕ್ಕೆ ಉಬ್ಬಿದರೆ ಕಾಯಬೇಡಿ, ಹೊರಗೆ ಬಂದು ಫೋನ್ ಮಾಡಿ ಅಂದರು. ನಮ್ಮದರಲ್ಲಿ ಇದ್ಯಾವುದೂ ಇರಲಿಲ್ಲ. ನಿಮ್ಮದರಲ್ಲಿ ಇದ್ದರೆ ಈ ಕಾಯುವ ಮಾತು ನಿಮಗಲ್ಲ.

ಮೇ ಕೊನೆಗೆ ಒಂದು ಗಾಜು ಒಡೆಯಿತು. ಅಂದರೆ ಓಡಾಟ ಇದೆ. ಜೂನ್‌ನಲ್ಲಿ ಮಳೆ ಹಿಡಿಯಿತು. ಜುಲೈ, ಆಗಸ್ಟ್ ಹೊತ್ತಿಗೆ ಬಿರುಕು ತನ್ನಷ್ಟಕ್ಕೆ ತಾನೇ ಕೂಡಿಕೊಳ್ಳುತ್ತಾ ಬಂತು! 4 ಇದ್ದದ್ದು 2ರ ಹತ್ತಿರ. ಖುಷಿಪಡುವ ಹೊತ್ತಿಗೆ ಈಶಾನ್ಯದ ದೇವರಕೋಣೆಯ ಬಾಗಿಲು ಬಿಗಿಯಾಗಿ ಹಾಕಲು ಬರದಾಯಿತು. ಮಳೆಗಾಲದಲ್ಲಿ ಕಟ್ಟಿಗೆ ಉಬ್ಬುವುದು ಸಹಜ ಅಂತ ನಾವು. ಇಂಜಿನಿಯರ್ ಬಾಗಿಲ ಮೇಲಿನ ಸಂದು ತೋರಿಸಿದರು: ಒಂದು ಕಡೆ ಸಂದೇ ಇಲ್ಲ, ಇನ್ನೊಂದು ಕಡೆ ಕಾರ್ಡ್ ತೂರುವಷ್ಟು ಇದೆ. ಕಟ್ಟಿಗೆ ಉಬ್ಬಿದರೆ ಎಲ್ಲಾ ಕಡೆ ಬಿಗಿಯಾಗಬೇಕು. ಇಲ್ಲಿ ಚೌಕಟ್ಟೇ ಓರೆಯಾಗಿದೆ.

ಈಶಾನ್ಯದಲ್ಲಿ ಏನಿದೆ? ಸಂಪು. ನಮ್ಮ ಕಡೆ ಎಲ್ಲರ ಸಂಪೂ ಅಲ್ಲೇ, ವಾಸ್ತು ಪ್ರಕಾರ. ನಮ್ಮದು ಗೋಡೆಯಿಂದ ಎರಡೇ ಫೂಟು ದೂರ. ರಾತ್ರಿ ಮೋಟರ್ ಹಾಕದೆ, ನಲ್ಲಿ ಬಂದ್ ಮಾಡಿ, ನೀರಿನ ಮಟ್ಟಕ್ಕೆ ಸೀಮೆಸುಣ್ಣದ ಗೀಟು ಹಾಕಿ ಬೆಳಿಗ್ಗೆ ನೋಡಿದೆವು. ಒಂದು ಗೇಣು ಇಳಿದಿತ್ತು. ವರ್ಷಗಟ್ಟಲೆ ಆ ಮೂಲೆಯ ಮಣ್ಣು ಬೇಸಿಗೆಯಲ್ಲೂ ನೀರು ಕುಡಿಯುತ್ತಿತ್ತು. ಆ ಕಡೆ ನೈಋತ್ಯದಲ್ಲಿ, ಪಕ್ಕದ ಖಾಲಿ ಸೈಟಿನಲ್ಲಿ ದೊಡ್ಡ ಬೇವಿನ ಮರ. ಬೇಸಿಗೆಯಲ್ಲಿ ಅದು ನಮ್ಮ ಗೋಡೆಯ ಕೆಳಗಿನ ಪಸೆಯನ್ನೂ ಎಳೆದುಕೊಳ್ಳುತ್ತದೆ. ಒಂದು ಮೂಲೆ ಉಬ್ಬುವುದು, ಇನ್ನೊಂದು ಮೂಲೆ ಕುಗ್ಗುವುದು. ನಡುವೆ ಇಟ್ಟಿಗೆ ಗೋಡೆ ಸೀಳದೆ ಏನು ಮಾಡೀತು?

ಮಳೆ ಬಿಟ್ಟ ಮೇಲೆ ಮಣ್ಣು ಪರೀಕ್ಷೆ. ಬುನಾದಿಗೆ ಹೊಂದಿ ಎರಡು ಕಡೆ ಗುಂಡಿ ತೋಡಿಸಿದೆವು. ಫೋಟೋ ನೋಡಿ ಹೇಳಿದ್ದು ಸರಿಯಾಗಿತ್ತು, ಬುನಾದಿಯ ತಳ ನಾಲ್ಕು ಫೂಟಿಗೇ ಮುಗಿದಿತ್ತು. ಗಟ್ಟಿ ಗರಸು (ಕಲ್ಲು ಮಿಶ್ರಿತ ಒರಟು ಮಣ್ಣು) ಸಿಕ್ಕಿದ್ದು ಒಂಬತ್ತು ಫೂಟಿನ ಕೆಳಗೆ. ಮಣ್ಣನ್ನು ಒಂದು ಇಂಜಿನಿಯರಿಂಗ್ ಕಾಲೇಜಿನ ಲ್ಯಾಬಿಗೆ ಕೊಟ್ಟೆವು. ಸಿವಿಲ್ ವಿಭಾಗ ಇರುವ ಎಷ್ಟೋ ಕಾಲೇಜುಗಳಲ್ಲಿ ಫೀಸು ತೆಗೆದುಕೊಂಡು ಮಾಡಿಕೊಡುತ್ತಾರೆ, ಒಂದು ಅರ್ಜಿ ಬರೆದು ಕೊಡಬೇಕು. ಪರೀಕ್ಷೆ, ಗುಂಡಿ ತೋಡಿದ ಕೂಲಿ ಎಲ್ಲ ಸೇರಿ 22,000 ಚಿಲ್ಲರೆ. ಫಲಿತಾಂಶ ತಡವಾಯಿತು, ಕಾಲೇಜಿನಲ್ಲಿ ಸೆಮಿಸ್ಟರ್ ಪರೀಕ್ಷೆ ನಡೆಯುತ್ತಿತ್ತಂತೆ. ಕಾಲೇಜಿಗೆ ಕೊಡುವವರು ಇದನ್ನು ನೆನಪಿಡಿ.

ಒಂದು ಪರೀಕ್ಷೆಯನ್ನು ಮಾತ್ರ ನನಗೆ ತೋರಿಸಿದರು. ಒಣಗಿಸಿ ಜರಡಿ ಹಿಡಿದ ಮಣ್ಣು ಹತ್ತತ್ತು ಗ್ರಾಂ, ಗೀಟು ಗೀಟು ಇರುವ ಎರಡು ಗಾಜಿನ ಜಾಡಿಗೆ. ಒಂದಕ್ಕೆ ಸೀಮೆಎಣ್ಣೆ, ಇನ್ನೊಂದಕ್ಕೆ ನೀರು. ಒಂದು ದಿನ ಬಿಡುವುದು. ಸೀಮೆಎಣ್ಣೆಯಲ್ಲಿ ಈ ಮಣ್ಣು ಉಬ್ಬುವುದಿಲ್ಲ, ತಳದಲ್ಲಿ ಸುಮ್ಮನೆ ಕೂತಿತ್ತು. ನೀರಿನ ಜಾಡಿಯಲ್ಲಿ ಅದೇ ಮಣ್ಣು ನೆನೆಹಾಕಿದ ಕಡಲೆಯ ಹಾಗೆ ಉಬ್ಬಿ ಎರಡು ಪಟ್ಟು ದಾಟಿತ್ತು. ಎರಡರ ವ್ಯತ್ಯಾಸದ ಶೇಕಡಾ ಲೆಕ್ಕಕ್ಕೆ ಫ್ರೀ ಸ್ವೆಲ್ ಅನ್ನುತ್ತಾರೆ. 50ರ ಒಳಗಿದ್ದರೆ ಕಡಿಮೆ, 50ರಿಂದ 100 ಮಧ್ಯಮ, 100ರಿಂದ 200 ಹೆಚ್ಚು, ಅದರ ಮೇಲೆ ಅತಿ ಹೆಚ್ಚು. ನಮ್ಮದು ಮೂರನೇ ಗುಂಪು. ಮಾಂಟ್‌ಮೊರಿಲ್ಲೊನೈಟ್ ಅನ್ನುವ ಜೇಡಿ ಖನಿಜ ಎರೆಯಲ್ಲಿ ಜಾಸ್ತಿ ಇರುತ್ತದೆ, ಅದರ ಪದರಗಳ ನಡುವೆ ನೀರು ನುಗ್ಗುತ್ತದೆ ಅಂತ ಲ್ಯಾಬಿನ ಮೇಷ್ಟ್ರು ವಿವರಿಸಿದರು.

ಈ ನಡುವೆ ಕಾಗದಪತ್ರದ ಓಡಾಟವೂ ಇತ್ತು, ಚುಟುಕಾಗಿ ಹೇಳುತ್ತೇನೆ. ಗೃಹಸಾಲದ ಜೊತೆ ತೆಗೆದುಕೊಂಡ ಭಾರತ್ ಗೃಹ ರಕ್ಷಾ ವಿಮೆ ಇತ್ತು. ಅದರಲ್ಲಿ ಭೂಕುಸಿತಕ್ಕೆ ಪರಿಹಾರ ಇದೆ ನಿಜ. ಆದರೆ ಹೊಸ ಕಟ್ಟಡದ ಸಹಜ ಬಿರುಕು, ತುಂಬಿದ ಮಣ್ಣಿನ ಕುಸಿತ, ದೋಷದ ವಿನ್ಯಾಸ, ಕಳಪೆ ಕೆಲಸ ಇವೆಲ್ಲ ಹೊರಗೆ. ನಮ್ಮ ಬುನಾದಿಯ ಆಳವನ್ನೇ ದೋಷ ಅಂತ ತೋರಿಸಿ ಕ್ಲೇಮ್ ತಿರಸ್ಕರಿಸಿದರು. ರಿಯಲ್ ಎಸ್ಟೇಟ್ ನಿಯಂತ್ರಣದ ರೇರಾ ಕಾಯ್ದೆಯಲ್ಲಿ ಕಟ್ಟಡದ ದೋಷಕ್ಕೆ ಸ್ವಾಧೀನ ಕೊಟ್ಟ ದಿನದಿಂದ 5 ವರ್ಷದ ಹೊಣೆ ಇದೆ, ಅದು ಬಿಲ್ಡರ್ ಹತ್ತಿರ ನೋಂದಾಯಿತ ಪ್ರಾಜೆಕ್ಟಿನಲ್ಲಿ ಮನೆ ಕೊಂಡವರಿಗೆ. ಸ್ವಂತ ಸೈಟಿನಲ್ಲಿ ಗುತ್ತಿಗೆ ಕೊಟ್ಟು ಕಟ್ಟಿಸಿದ ನಮಗಲ್ಲ. ಗ್ರಾಹಕರ ಆಯೋಗಕ್ಕೆ ಹೋಗಲು ಕಾರಣ ಹುಟ್ಟಿದ ದಿನದಿಂದ 2 ವರ್ಷ ಅವಕಾಶ. ವಕೀಲರು ಪ್ರಯತ್ನಿಸಬಹುದು ಅಂದರು, ಗುತ್ತಿಗೆಯ ಕರಾರುಪತ್ರ ಕೇಳಿದರು. ನಮ್ಮದು ಬಾಯಿಮಾತಿನ ಕರಾರು. ಅಲ್ಲಿಗೆ ಬಿಟ್ಟೆವು. ಬ್ಯಾಂಕಿನ ಟಾಪ್‌ಅಪ್ ಸಾಲ ಮಾತ್ರ ಸಿಕ್ಕಿತು. ಇಂಜಿನಿಯರ್ ಸಹಿಯ ಎಸ್ಟಿಮೇಟು, ಉತಾರ (ಆಸ್ತಿಯ ದಾಖಲೆ), ತೆರಿಗೆ ರಸೀದಿ, ಮಂಜೂರಾದ ಪ್ಲ್ಯಾನು ಕೇಳಿದರು.

ಇಂಜಿನಿಯರ್ ಕೊಟ್ಟ ವರದಿಯಲ್ಲಿ ಪೈಲ್ ಮಾತೇ ಇರಲಿಲ್ಲ. ಮೊದಲು ನೀರನ್ನು ಸರಿಮಾಡಿ, ಒಂದು ಬೇಸಿಗೆ ಒಂದು ಮಳೆಗಾಲ ನೋಡಿ, ಆಮೇಲೂ ಗಾಜು ಒಡೆದರೆ ಬುನಾದಿ ಮುಟ್ಟೋಣ ಅಂತ ಬರೆದಿದ್ದರು. ಆ ಚಳಿಗಾಲದಲ್ಲಿ ಮಾಡಿಸಿದ ಕೆಲಸ ಇಷ್ಟು. ಸಂಪನ್ನು ಮುಚ್ಚಿ, ಗೋಡೆಯಿಂದ ದೂರ ನೆಲದ ಮೇಲೆ ಸಿಂಟೆಕ್ಸ್ ಟ್ಯಾಂಕು ಇಟ್ಟೆವು. ಈಶಾನ್ಯದ ಗೆರೆಯಲ್ಲೇ ಇಟ್ಟಿದ್ದರಿಂದ ಅತ್ತೆಗೂ ಸಮಾಧಾನ. ತಾರಸಿಯ ನೀರು ಗೋಡೆಯ ಬುಡಕ್ಕೆ ಬೀಳುತ್ತಿತ್ತು, ಪೈಪನ್ನು ಗಟಾರದವರೆಗೆ ಒಯ್ದೆವು. ಬಚ್ಚಲ ನೀರು, ಪಾತ್ರೆ ತೊಳೆಯುವ ಕಟ್ಟೆಯ ನೀರು ಸಹ. ಗೋಡೆಗೆ ಹೊಂದಿದ್ದ ಹೂವಿನ ಪಾತಿ ತೆಗೆದದ್ದು ನನಗೆ ಬಹಳ ಬೇಜಾರಾಯಿತು, ಮಲ್ಲಿಗೆ ಬಳ್ಳಿ ಚೆನ್ನಾಗಿ ಹಬ್ಬಿತ್ತು.

ದೊಡ್ಡ ಕೆಲಸ ಮನೆಯ ಸುತ್ತ ಏಪ್ರನ್. ಆರು ಫೂಟು ಅಗಲಕ್ಕೆ ಮೇಲಿನ ಕರಿ ಮಣ್ಣು ತೆಗೆದು ಗರಸು ತುಂಬಿ, ನೀರು ಚಿಮುಕಿಸಿ ದಮ್ಮಸು ಮಾಡಿ, ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ, ಮೇಲೆ ಹೊರಕ್ಕೆ ಇಳಿಜಾರು ಕೊಟ್ಟು ಕಾಂಕ್ರೀಟು. ಕಾಂಕ್ರೀಟಿಗೂ ಗೋಡೆಗೂ ನಡುವೆ ಸಂದು ಬಿಟ್ಟು ಡಾಂಬರು ತುಂಬಬೇಕು. ಕೆಲಸದವರು ಅದನ್ನು ಬಿಟ್ಟು ಗೋಡೆಗೇ ಸೇರಿಸಿ ಹಾಕಲು ಹೊರಟಿದ್ದರು, ಎದುರು ನಿಂತು ಬಿಡಿಸಿದೆ. ಒಳಗಿನ ಮಣ್ಣಿಗೆ ಮಳೆಯಲ್ಲಿ ನೀರು ಹೋಗಬಾರದು, ಬೇಸಿಗೆಯಲ್ಲಿ ಪಸೆ ಹಾರಬಾರದು. ಉದ್ದೇಶ ಅಷ್ಟೇ. ಏಪ್ರನ್ನು, ಪೈಪು ಸೇರಿ 1,80,000 ಆಯಿತು, ಸಂಪು ಮುಚ್ಚಿ ಟ್ಯಾಂಕಿಟ್ಟದ್ದು 35,000.

ಬೇವಿನ ಮರ ಕಡಿಸಿಬಿಡಿ ಅಂತ ಎಲ್ಲರೂ ಹೇಳಿದರು, ಇಂಜಿನಿಯರ್ ಮಾತ್ರ ಬೇಡ ಅಂದರು. ಬೆಳೆದ ಮರವನ್ನು ಒಮ್ಮೆಗೇ ಕಡಿದರೆ ಅದು ಕುಡಿಯುತ್ತಿದ್ದ ನೀರೆಲ್ಲ ಮಣ್ಣಿನಲ್ಲೇ ಉಳಿದು ಆ ಮೂಲೆ ಉಬ್ಬಲು ಶುರುವಾಗುತ್ತದಂತೆ. ಮೇಲಾಗಿ ಮರ ಕಡಿಯಲು ಅನುಮತಿ ಬೇಕು, ಮರವೂ ನಮ್ಮದಲ್ಲ. ಸೈಟಿನ ಮಾಲೀಕರನ್ನು ಕೇಳಿ ನಮ್ಮ ಕಡೆಯ ಕೊಂಬೆಗಳನ್ನು ಸವರಿಸಿದೆವು.

ಎರಡನೇ ಬೇಸಿಗೆಯಲ್ಲಿ ಹೊಸ ಗಾಜು ಒಂದೂ ಒಡೆಯಲಿಲ್ಲ. ಮಳೆಗಾಲದಲ್ಲಿ ದೇವರಕೋಣೆಯ ಬಾಗಿಲು ಸ್ವಲ್ಪ ಬಿಗಿಯಾಯಿತು, ಹಾಕಲು ಬಂತು. ಟ್ಯೂಬು ಹಿಡಿದು ನೋಡಿದರೆ ಮೂಲೆಗಳ ಮಟ್ಟದ ವ್ಯತ್ಯಾಸ ಮೊದಲ ರೀಡಿಂಗಿಗಿಂತ ಹೆಚ್ಚಾಗಿರಲಿಲ್ಲ. ಆಮೇಲೇ ಬಿರುಕಿಗೆ ಕೈಹಾಕಿದ್ದು. ಪ್ಲಾಸ್ಟರ್ ಕಿತ್ತು, ಇಟ್ಟಿಗೆ ಸಂದುಗಳನ್ನು ಬಿಡಿಸಿ, ಬಿರುಕಿಗೆ ಅಡ್ಡವಾಗಿ ಕಬ್ಬಿಣದ ಸರಳು ಕೂರಿಸಿ, ಗ್ರೌಟ್ (ತೆಳು ಸಿಮೆಂಟ್ ಗಾರೆ) ತುಂಬಿ, ಜಾಳಿಗೆ ಹೊಡೆದು ಮತ್ತೆ ಪ್ಲಾಸ್ಟರ್. ಇದಕ್ಕೆ ಸ್ಟಿಚಿಂಗ್ ಅನ್ನುತ್ತಾರೆ. ಬಣ್ಣ ಬಿಟ್ಟು 70,000.

ಇನ್ನೂ ಕಟ್ಟದವರಿಗೆ ಒಂದು ವಿಷಯ. ಎರೆಯಲ್ಲಿ ಗರಸು ಸಿಗುವವರೆಗೆ ಇಳಿಯಿರಿ, ಇಲ್ಲವೇ ಅಂಡರ್‌ರೀಮ್ಡ್ ಪೈಲ್ ಬಗ್ಗೆ ಕೇಳಿ. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಇಂಥ ಮಣ್ಣಿಗಾಗಿಯೇ ಬೆಳೆಸಿದ ಪದ್ಧತಿ. ಕಂಬದ ತಳ ಗೆಡ್ಡೆಯಾಗಿ ಅಗಲವಾಗಿರುತ್ತದೆ, ಸಾಮಾನ್ಯವಾಗಿ ಕಂಬದ ಎರಡೂವರೆ ಪಟ್ಟು. ಮಣ್ಣು ಮೇಲೆ ಕುಣಿದರೂ ಕಂಬ ಕೆಳಗೆ ಹಿಡಿದುಕೊಂಡಿರುತ್ತದೆ. ಕಟ್ಟುವಾಗಲೇ ಹಾಕಿದರೆ ಕಟ್ಟಿದ ಮನೆಯ ಕೆಳಗೆ ತೂರಿಸುವ ಖರ್ಚಿಗಿಂತ ಎಷ್ಟೋ ಅಗ್ಗ.

ನಮ್ಮ ಕಾಂಪೌಂಡ್ ಗೋಡೆ ಈಗಲೂ ಎರಡು ಕಡೆ ಸೀಳಿದೆ, ಗೇಟಿನ ಕಂಬ ವಾಲಿದೆ. ಅದಕ್ಕೆ ಏಪ್ರನ್ನೂ ಇಲ್ಲ, ಆಳದ ಬುನಾದಿಯೂ ಇಲ್ಲ. ಅದಕ್ಕೆ ದುಡ್ಡು ಹಾಕಬೇಡಿ, ಮಕ್ಕಳು ಒರಗದ ಹಾಗೆ ನೋಡಿಕೊಳ್ಳಿ, ತೀರಾ ವಾಲಿದರೆ ಕೆಡವಿ ತಂತಿ ಬೇಲಿ ಹಾಕಿ ಅಂತ ಇಂಜಿನಿಯರ್ ಅಂದಿದ್ದಾರೆ. ಹಾಗೇ ಮಾಡುವವರಿದ್ದೇವೆ.